ಮೂರು ಬೀಗದ ಮನೆ

ನಮ್ಮ ಮನೆಯ ಬಾಗಿಲಿಗೆ ಮೂರು ಬೀಗ ಹಾಕಿಸಿದವಳು ನಾನೇ. ಬಿಲ್ಡಿಂಗಿನ ಸೊಸೈಟಿಯವರು ಹೇಳಿದ್ದಕ್ಕೆ ಹಾಕಿಸಿದೆ ಎಂದು ಬಹಳ ಕಾಲ ಎಲ್ಲರ ಮುಂದೆ ಹೇಳಿಕೊಂಡು ಬಂದೆ. ಸೊಸೈಟಿಯವರು ಹೇಳಿದ್ದು ನಿಜ. ಅವರು ಹೇಳದಿದ್ದರೂ ನಾನು ಹಾಕಿಸುತ್ತಿದ್ದೆ ಎನ್ನುವುದೂ ನಿಜ.

ಮುಂಬಯಿಯ ಸಯನ್‌ನಲ್ಲಿ ನಮ್ಮದು ಹಳೆಯ ಬಿಲ್ಡಿಂಗ್. ನಾಲ್ಕು ಮಹಡಿ, ಲಿಫ್ಟ್ ಇಲ್ಲ, ಒಂದು ಮಹಡಿಗೆ ಎರಡು ಮನೆ. ಎರಡನೆಯ ಮಹಡಿಯಲ್ಲಿ ನಾವು ಮೂರು ಜನ. ನನ್ನ ಗಂಡ ಬೊರಿವಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಆರಕ್ಕೆ ಹೊರಟರೆ ಊಟದ ಹೊತ್ತು ಮೀರಿದ ಮೇಲೆಯೇ ವಾಪಸು. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತೆ. ಮೂರನೆಯವರು ನನ್ನ ಅತ್ತೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಈ ಊರಲ್ಲೇ ಮುದುಕಿಯಾದವರು. ಎಂಬತ್ತು ದಾಟಿತ್ತು. ಮೊಣಕಾಲು ಕೈಕೊಟ್ಟಿದ್ದರಿಂದ ಕೆಳಗಿಳಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮಂಚದಿಂದ ಕಿಟಕಿ, ಕಿಟಕಿಯಿಂದ ಅಡುಗೆಮನೆ, ಅಷ್ಟೇ ಅವರ ಮುಂಬಯಿ.

ಹಗಲಿಡೀ ಅವರು ಒಬ್ಬರೇ ಇರುತ್ತಿದ್ದರು ಎಂದರೆ ತಪ್ಪಾಗುತ್ತದೆ. ನಮ್ಮ ಮನೆಗೆಲಸಕ್ಕೆ ಒಬ್ಬಳು ಬರುತ್ತಿದ್ದಳು. ವಿಜಯಪುರದ ಕಡೆಯವಳು. ಕುರ್ಲಾದ ಒಂದು ಚಾಳಿನ ವಠಾರದಲ್ಲಿ ವಾಸ. ಬೆಳಿಗ್ಗೆ ಏಳೂವರೆಗೆ ಬಂದು ಪಾತ್ರೆ, ಕಸ, ಬಟ್ಟೆ ಮುಗಿಸಿ ಬೇರೆ ಮನೆಗಳಿಗೆ ಹೋಗಿ, ಹನ್ನೆರಡಕ್ಕೆ ಮತ್ತೆ ಬರುತ್ತಿದ್ದಳು. ಮಧ್ಯಾಹ್ನದ ಬರುವಿಕೆಗಾಗಿಯೇ ನಮ್ಮ ಮನೆಯ ಒಂದು ಚಾವಿ ಅವಳ ಹತ್ತಿರ ಇತ್ತು. ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ನಾವು ಚಾವಿ ಎಂದರೆ ಅವಳು ಕೀಲಿಕೈ ಎನ್ನುತ್ತಿದ್ದಳು. ಬಾಗಿಲು ತೆಗೆದು ಒಳಗೆ ಬಂದು, ಗಂಜಿ ಬಿಸಿಮಾಡಿ, ಅತ್ತೆಗೆ ಬಡಿಸಿ, ಮಾತ್ರೆ ಕೊಟ್ಟು, ತಲೆ ಬಾಚಿ, ಒಂದು ಗಂಟೆ ಟಿವಿ ಮುಂದೆ ಕೂತು ಹೋಗುತ್ತಿದ್ದಳು. ಅತ್ತೆಯದು ತುಳು ಬೆರೆತ ಕನ್ನಡ, ಅವಳದು ಆ ಕಡೆಯ ಕನ್ನಡ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿದ್ದದ್ದು. ಉಳಿದರ್ಧಕ್ಕೆ ಇಬ್ಬರೂ ನಗುತ್ತಿದ್ದರು. ಹನ್ನೊಂದು ವರ್ಷ ಹೀಗೆ ನಡೆಯಿತು. ಹನ್ನೊಂದು ವರ್ಷದಲ್ಲಿ ನಮ್ಮ ಮನೆಯಿಂದ ಒಂದು ಚಮಚವೂ ಕಾಣೆಯಾಗಿರಲಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ. ಹೇಳಬೇಕಾದ ದಿನ ಹೇಳಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ನಾಲ್ಕನೆಯ ಮಹಡಿಯ ಮನೆಯಲ್ಲಿ ಕಳ್ಳತನವಾಯಿತು. ಅಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರೇ. ನೆಂಟರ ಮದುವೆಗೆಂದು ಬೆಳಿಗ್ಗೆ ಠಾಣೆಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಬಾಗಿಲು ಹಾಕಿದ್ದು ಹಾಕಿದ ಹಾಗೆಯೇ ಇದೆ, ಒಳಗೆ ಕಪಾಟು ತೆರೆದಿದೆ, ಬಳೆ, ಸರ ಇಲ್ಲ. ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಆ ಹೆಂಗಸು ಮೆಟ್ಟಿಲ ಮೇಲೆ ಕೂತು ಅತ್ತದ್ದು ನಮಗೆಲ್ಲ ಕೇಳಿಸಿತು. ನಾನೇ ನೀರು ತೆಗೆದುಕೊಂಡು ಹೋದೆ. ಅವರ ಪಕ್ಕದಲ್ಲಿ ನಿಂತಿದ್ದ ಸೊಸೈಟಿಯ ಸೆಕ್ರೆಟರಿ, ಬೀಗ ಒಡೆದಿಲ್ಲ ಎಂದ ಮೇಲೆ ಚಾವಿಯಿಂದಲೇ ತೆಗೆದಿದ್ದಾರೆ ಎಂದ. ಯಾರ ಹತ್ತಿರ ಚಾವಿ ಇರುತ್ತದೆ ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ಏಳೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ತೀರ್ಮಾನವಾಗಿತ್ತು.

ಎರಡು ದಿನ ಬಿಟ್ಟು ಪೊಲೀಸರು ಬಿಲ್ಡಿಂಗಿನಲ್ಲಿ ಕೆಲಸ ಮಾಡುವ ಹೆಂಗಸರನ್ನೆಲ್ಲ ಸ್ಟೇಷನ್ನಿಗೆ ಕರೆಸಿದರು. ನಮ್ಮವಳು ನಾಲ್ಕನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆದರೂ ಅವಳನ್ನೂ ಕರೆದರು. ಇಡೀ ಬಿಲ್ಡಿಂಗಿನಲ್ಲಿ ಒಂದು ಮನೆಯ ಚಾವಿ ತನ್ನ ಹತ್ತಿರ ಇಟ್ಟುಕೊಂಡಿದ್ದವಳು ಅವಳೊಬ್ಬಳೇ. ಆ ವಿಷಯ ಪೊಲೀಸರಿಗೆ ಹೇಳಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸೆಕ್ರೆಟರಿ ಕೇಳಿದಾಗ ಅವನಿಗೆ ಹೇಳಿದವಳು ಮಾತ್ರ ನಾನು.

ಮಧ್ಯಾಹ್ನ ಮೂರರ ಸುಮಾರಿಗೆ ಆಫೀಸಿನಲ್ಲಿ ನನಗೆ ಫೋನ್ ಬಂತು. ಪೊಲೀಸ್ ಸ್ಟೇಷನ್ನಿನಿಂದ. ಮಾತನಾಡಿದವನು ಸಭ್ಯನೇ. ಈಕೆ ನಿಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ ಅನ್ನುತ್ತಾಳೆ, ಇವಳ ಗ್ಯಾರಂಟಿ ತೆಗೆದುಕೊಳ್ಳುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ. ಸುತ್ತ ನಾಲ್ಕು ಮೇಜಿನವರು ಕಿವಿಗೊಟ್ಟಿದ್ದರು. ಗ್ಯಾರಂಟಿ ಎಂದರೆ ಸಹಿ ಹಾಕಬೇಕಾಗುತ್ತದೆ, ಕೋರ್ಟಿಗೆ ಅಲೆಯಬೇಕಾಗುತ್ತದೆ, ನಾಳೆ ಕದ್ದವಳು ಅವಳೇ ಎಂದಾದರೆ ನನ್ನನ್ನೂ ಎಳೆಯುತ್ತಾರೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಗೆ ಬಂತು. ನಾನೂ ಮರಾಠಿಯಲ್ಲೇ ಹೇಳಿದೆ:

“ಪಾತ್ರೆ ತೊಳೆಯಲಿಕ್ಕೆ ಬರುತ್ತಾಳೆ, ಅಷ್ಟೇ. ಹೊರಗೆ ಎಂತ ಮಾಡುತ್ತಾಳೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

ಸರಿ ಮ್ಯಾಡಮ್ ಎಂದು ಅವನು ಫೋನ್ ಇಟ್ಟ. ನಾನು ಕಡತ ಬಿಡಿಸಿದೆ. ಪಕ್ಕದ ಮೇಜಿನವಳು, ನೀನು ಸರಿಯಾಗಿ ಹೇಳಿದೆ, ಇಂಥದ್ದರಲ್ಲಿ ಕೈಹಾಕಬಾರದು ಎಂದಳು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು.

ಸಂಜೆ ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ಹಾಗೆಯೇ ಕೂತಿದ್ದರು. ಗಂಜಿ ಪಾತ್ರೆ ಮುಚ್ಚಿಟ್ಟದ್ದು ಮುಚ್ಚಿಟ್ಟಲ್ಲೇ ಇತ್ತು. ಅವಳು ಬರಲಿಲ್ಲ, ಏನಾಯಿತೋ ಎಂದು ದಾರಿ ನೋಡುತ್ತ ಊಟ ಮಾಡಿರಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಳಿಸಿದ್ದರು ಎಂದು ಮರುದಿನ ಬಿಲ್ಡಿಂಗಿನವರಿಂದ ತಿಳಿಯಿತು. ಅವಳು ಎಂದಿನ ಹಾಗೆಯೇ ಬಂದಳು, ಏಳೂವರೆಗೆ ಸರಿಯಾಗಿ. ಸ್ಟೇಷನ್ನಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅತ್ತೆ ಮಾತ್ರ ಅವಳನ್ನು ಹತ್ತಿರ ಕರೆದು ಕೈ ಹಿಡಿದು ಏನೇನೋ ಕೇಳಿದರು. ನಾನು ಸ್ನಾನಕ್ಕೆ ಹೋದೆ.

ಆ ಭಾನುವಾರ ಸೊಸೈಟಿಯ ಮೀಟಿಂಗ್. ಎಲ್ಲರೂ ಸೇಫ್ಟಿ ಡೋರ್ ಹಾಕಿಸಬೇಕು, ಕೆಲಸದವರ ಕೈಗೆ ಯಾವ ಮನೆಯ ಚಾವಿಯೂ ಹೋಗಕೂಡದು ಎಂದು ನಿರ್ಣಯವಾಯಿತು. ಚಾವಿ ಎಂದಾಗ ಕೆಲವರು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ನಮ್ಮ ಮನೆಯದನ್ನು ಈ ವಾರವೇ ಬದಲಿಸುತ್ತೇನೆ ಎಂದೆ. ಮೀಟಿಂಗಿನಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

ಗಂಡನಿಗೆ ಹೇಳಿದಾಗ ಅವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೀಗ ಬೇಕಾದರೆ ಹಾಕಿಸು, ಆದರೆ ಹೊಸ ಚಾವಿ ಒಂದು ಅವಳಿಗೂ ಕೊಡು, ಅಮ್ಮನ ಊಟ ಉಂಟಲ್ಲ ಎಂದರು. ನಾಳೆ ಏನಾದರೂ ಆದರೆ ಬಿಲ್ಡಿಂಗಿನವರಿಗೆ ಉತ್ತರ ಕೊಡುವವರು ನೀವಾ, ನಾನಾ ಎಂದು ಕೇಳಿದೆ. ಅವರು ಮಜ್ಜಿಗೆ ಸುರಿದುಕೊಂಡರು. ನಮ್ಮ ಮನೆಯಲ್ಲಿ ಎಷ್ಟೋ ತೀರ್ಮಾನಗಳು ಹೀಗೆ ಮಜ್ಜಿಗೆಯಲ್ಲಿ ಮುಗಿದಿವೆ.

ಬೀಗದ ಕೆಲಸದವನು ಕುರ್ಲಾದಿಂದ ಬಂದ. ನರೆತ ಗಡ್ಡದ, ಮಾತು ಕಡಿಮೆಯ ಮನುಷ್ಯ. ಮೊದಲು ಹಳೆಯ ಲ್ಯಾಚನ್ನು, ಬಾಗಿಲು ಎಳೆದರೆ ತಾನೇ ಬೀಳುವ ಬೀಗವನ್ನು, ನಾಲ್ಕೈದು ಸಲ ತಿರುಗಿಸಿ ನೋಡಿದ. ಇದಕ್ಕೆ ಏನೂ ಆಗಿಲ್ಲ, ಒಳ್ಳೆಯ ಮಾಲು ಎಂದ. ಜನ ಬಾಗಿಲು ಎಳೆದುಕೊಂಡು ಹೋಗಿಬಿಡುತ್ತಾರೆ, ಚಾವಿ ತಿರುಗಿಸುವುದಿಲ್ಲ. ಬರೀ ಎಳೆದ ಬಾಗಿಲನ್ನು ತೆಗೆಯಲು ಚಾವಿಯೇ ಬೇಡ. ಹೋಗುವಾಗ ಎರಡು ಸುತ್ತು ತಿರುಗಿಸಿ, ಸಾಕು ಎಂದ. ಸಾಕು ಎಂಬುದನ್ನು ಕೇಳಲು ನಾನು ಅವನನ್ನು ಕರೆಸಿರಲಿಲ್ಲ. ಮೂರು ಹಾಕಬೇಕು ಎಂದೆ: ಹೊರಗೆ ಕಬ್ಬಿಣದ ಸೇಫ್ಟಿ ಡೋರಿಗೆ ಒಂದು, ಬಾಗಿಲಿಗೆ ಹೊಸ ಲ್ಯಾಚ್, ಅದರ ಮೇಲೆ ಚೌಕಟ್ಟಿನೊಳಗೆ ಸರಳು ಹೋಗಿ ಕೂರುವ ಇನ್ನೊಂದು.

ಅವನು ಒಳಗೆ ಕೂತಿದ್ದ ಅತ್ತೆಯನ್ನು ನೋಡಿದ. ಹಗಲು ಇವರೊಬ್ಬರೇ ಇರುತ್ತಾರಾ ಎಂದು ಕೇಳಿದ. ಹೌದೆಂದಾಗ, ಹಾಗಾದರೆ ಮೇಲಿನದು ಬೇಡ, ಇವರಿಗೆ ಕೈ ಎಟಕುವುದಿಲ್ಲ. ಹಾಕಿದರೂ ಹತ್ತಿರದಲ್ಲಿ ಯಾರ ಹತ್ತಿರವಾದರೂ ಒಂದು ಜೊತೆ ಚಾವಿ ಇಟ್ಟಿರಿ ಎಂದ. ಕೆಲಸ ಕಡಿಮೆ ಮಾಡಿಕೊಳ್ಳಲು ನೋಡುತ್ತಿದ್ದಾನೆ ಎಂದುಕೊಂಡೆ ನಾನು. ಹಾಕಿಸಿದೆ. ದಿನವಿಡೀ ಡ್ರಿಲ್ಲಿನ ಸದ್ದಿಗೆ ಅತ್ತೆ ಕಿವಿ ಮುಚ್ಚಿಕೊಂಡು ಕೂತಿದ್ದರು. ಹೋಗುವಾಗ ಮೂರು ಜೊತೆ ಚಾವಿ ಕೊಟ್ಟ. ಒಂದು ನನ್ನ ಚೀಲಕ್ಕೆ, ಒಂದು ಗಂಡನಿಗೆ, ಮೂರನೆಯದು ಕಪಾಟಿನೊಳಗೆ, ಸೀರೆಗಳ ಕೆಳಗೆ.

ಮರುದಿನ ಬೆಳಿಗ್ಗೆ ಅವಳು ಬಂದಳು. ಬಾಗಿಲ ಬಳಿ ಒಂದು ಕ್ಷಣ ನಿಂತು ಹೊಸ ಬೀಗಗಳನ್ನು ನೋಡಿದಳು. ನಾನು ಚಹಾ ಸೋಸುತ್ತ, ಅವಳ ಕಡೆ ನೋಡದೆ ಹೇಳಿದೆ. ಇನ್ನು ಮಧ್ಯಾಹ್ನ ಬರುವುದು ಬೇಡ, ಅತ್ತೆ ಈಗ ತಾವೇ ಬಡಿಸಿಕೊಂಡು ಊಟ ಮಾಡುತ್ತಾರೆ, ಹಾಟ್‌ಕೇಸಿನಲ್ಲಿ ಇಟ್ಟು ಹೋಗುತ್ತೇನೆ. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು. ಅವರಿಗೂ ಕೇಳಿಸಿರಬೇಕು.

ಅವಳು ಸಂಚಿ ಬಿಚ್ಚಿ, ಹಳೆಯ ಚಾವಿಯನ್ನು ತೆಗೆದು ಅಡುಗೆಕಟ್ಟೆಯ ಮೇಲಿಟ್ಟಳು.

“ಅಕ್ಕಾರ, ಇದು ನಿಮ್ಮ ಕೀಲಿಕೈರಿ.”

“ಅದು ಇಟ್ಟುಕೋ ಮಾರಾಯ್ತಿ. ಈಗ ಅದು ಯಾವುದಕ್ಕೂ ಆಗುವುದಿಲ್ಲ.”

ನನ್ನ ಮಟ್ಟಿಗೆ ಅದು ಸಲಿಗೆಯ ಮಾತು, ತಮಾಷೆಯೆಂದೇ ಹೇಳಿದ್ದು. ಅವಳು ಇಟ್ಟುಕೊಳ್ಳಲಿಲ್ಲ. ಆ ತಿಂಗಳು ಮುಗಿಯುವವರೆಗೆ ಬೆಳಿಗ್ಗೆ ಮಾತ್ರ ಬಂದಳು. ತಿಂಗಳ ಕೊನೆಗೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿದಳು. ಕಾರಣ ಕೇಳಿದ್ದಕ್ಕೆ, ಬರಿಯ ಒಂದು ಹೊತ್ತಿಗೆಂದು ಕುರ್ಲಾದಿಂದ ಬರುವುದು ತ್ರಾಸಾಗುತ್ತದೆ ಎಂದಳು. ಅತ್ತೆಯ ಹತ್ತಿರ ಹೋಗಿ ಕಾಲು ಮುಟ್ಟಿದಳು. ಅವಳು ಮೆಟ್ಟಿಲಿಳಿದ ಮೇಲೆ ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ನಾನು ತಿರುಗಿ ಮಾತನಾಡುತ್ತಿದ್ದೆ. ಅದಕ್ಕೆ ಅವರು ಅವಕಾಶ ಕೊಡಲಿಲ್ಲ.

ಆಮೇಲೆ ನಮ್ಮ ದಿನಚರಿ ಹೀಗಾಯಿತು. ಎಂಟೂಕಾಲಿಗೆ ನಾನು ಹೊರಡುವಾಗ ಅತ್ತೆಯ ಪಕ್ಕದಲ್ಲಿ ಹಾಟ್‌ಕೇಸು, ನೀರು, ಮಾತ್ರೆ, ಟಿವಿಯ ರಿಮೋಟು. ಮೇಲಿನ ಬೀಗ, ಲ್ಯಾಚಿಗೆ ಎರಡು ಸುತ್ತು, ಸೇಫ್ಟಿ ಡೋರು. ಕೆಳಗಿಳಿಯುವಾಗ ಎದೆ ಹಗುರ. ಲೋಕಲ್ ರೈಲಿನಲ್ಲಿ ಮೊದಲೆಲ್ಲ ಮನೆಯ ಯೋಚನೆ ಕಾಡುತ್ತಿತ್ತು, ಈಗ ಕಾಡುತ್ತಿರಲಿಲ್ಲ. ಒಂದು ಸಲ ಅತ್ತೆ ಹೇಳಿದರು, ಗೋಡೌನಿನಲ್ಲಿ ಅಕ್ಕಿ ಮೂಟೆ ಇಟ್ಟ ಹಾಗೆ ಆಯ್ತು ನನ್ನ ಕಥೆ ಎಂದು. ಸುರಕ್ಷಿತವಾಗಿ ಇದ್ದೀರಲ್ಲ ಎಂದೆ. ಅಕ್ಕಿಯೂ ಸುರಕ್ಷಿತವೇ ಎಂದರು.

ಎದುರು ಮನೆಯಾಕೆ ಒಮ್ಮೆ, ಒಂದು ಚಾವಿ ಬೇಕಾದರೆ ನನ್ನ ಹತ್ತಿರ ಇಡಿ ಎಂದು ಕೇಳಿದ್ದಳು. ನೋಡೋಣ ಎಂದಿದ್ದೆ. ಅವಳ ಮನೆಗೂ ಕೆಲಸದವಳು ಬರುತ್ತಾಳೆ, ಚಾವಿ ಅವಳ ಕೈಗೆ ಸಿಕ್ಕರೆ ಎಂಬುದು ನನ್ನ ಯೋಚನೆ. ಒಂದು ಸಲ ಸಂಶಯ ಮಾಡಲು ಕಲಿತರೆ ಅದು ನಿಲ್ಲುವುದಿಲ್ಲ.

ಮಳೆ ಶುರುವಾಗಿ ಒಂದು ತಿಂಗಳಾಗಿತ್ತು. ಒಂದು ಬುಧವಾರ ಮಧ್ಯಾಹ್ನ ಎದುರು ಮನೆಯಾಕೆ ಫೋನ್ ಮಾಡಿದಳು. ನಿಮ್ಮ ಮನೆಯೊಳಗಿನಿಂದ ಯಾರೋ ನರಳುವ ಸದ್ದು ಬರುತ್ತಿದೆ, ಬಾಗಿಲು ಬಡಿದರೆ ಅಜ್ಜಿ ಬಿದ್ದಿದ್ದೇನೆ ಅನ್ನುತ್ತಾರೆ, ಬೇಗ ಬನ್ನಿ ಎಂದಳು. ಓಡಿದೆ. ಸ್ಟೇಷನ್ನಿನಲ್ಲಿ ಗಾಡಿ ಸಿಕ್ಕಿತು, ಆದರೆ ಮಾಟುಂಗಾಕ್ಕೆ ಮೊದಲು ನಿಂತಿತು. ಹಳಿಯ ಮೇಲೆ ನೀರು. ಮುಕ್ಕಾಲು ಗಂಟೆ ಅದು ಅಲ್ಲೇ ನಿಂತಿತ್ತು. ಚೀಲದೊಳಗೆ ಕೈಹಾಕಿ ಚಾವಿಯ ಗೊಂಚಲು ಹಿಡಿದುಕೊಂಡು ನಿಂತಿದ್ದೆ. ಗಂಡನಿಗೆ ಫೋನ್ ಮಾಡಿದರೆ, ಬೊರಿವಲಿಯಿಂದ ಎಷ್ಟು ಓಡಿದರೂ ನಿನಗಿಂತ ಹಿಂದೆಯೇ ಬರುತ್ತೇನೆ, ಫೈರ್ ಬ್ರಿಗೇಡಿಗೆ ಹೇಳಲಿ, ಬಾಗಿಲು ಒಡೆಯಲಿ ಎಂದರು. ಎದುರು ಮನೆಯಾಕೆಗೆ ಹಾಗೆಯೇ ಹೇಳಿದೆ.

ನಾನು ಮೆಟ್ಟಿಲು ಹತ್ತುವಾಗ ಬಿಲ್ಡಿಂಗಿನವರೆಲ್ಲ ಅಲ್ಲಿಯೇ ನಿಂತಿದ್ದರು. ನಾನು ಕೇಳದೆಯೇ ದಾರಿ ಬಿಟ್ಟರು. ಸೇಫ್ಟಿ ಡೋರಿನ ಸರಳುಗಳನ್ನು ಕಟರಿನಿಂದ ಕತ್ತರಿಸಿ ಗೋಡೆಗೆ ಒರಗಿಸಿದ್ದರು. ಬಾಗಿಲಿನ ಲ್ಯಾಚ್ ಬಿಟ್ಟುಕೊಟ್ಟರೂ ಮೇಲಿನ ಬೀಗ ಜಗ್ಗಲಿಲ್ಲವಂತೆ. ಕೊನೆಗೆ ಹಲಗೆಯನ್ನೇ ಸೀಳಿದ್ದರು. ಸಮವಸ್ತ್ರದ ಒಬ್ಬ ಬೆವರು ಒರೆಸಿಕೊಳ್ಳುತ್ತ, ಒಳ್ಳೆಯ ಬೀಗ ಹಾಕಿಸಿದ್ದೀರಿ ಮ್ಯಾಡಮ್ ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಅತ್ತೆ ಅಡುಗೆಮನೆಯ ಹೊಸ್ತಿಲ ಹತ್ತಿರ ಬಿದ್ದಿದ್ದರು. ಬೆಳಿಗ್ಗೆ ಹತ್ತೂವರೆಗೆ ನೀರು ಕುಡಿಯಲೆಂದು ಎದ್ದವರು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ನೆಲದ ಮೇಲೆ. ಸೀರೆ ಒದ್ದೆಯಾಗಿತ್ತು. ನಾಲ್ಕು ಜನ ಗಂಡಸರು ಎತ್ತುವಾಗ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕುಕ್ಕರಿಸಿದಾಗ ಸೆರಗು ಸರಿಸಿ ನನ್ನನ್ನು ನೋಡಿದರು.

“ಒಂದು ಬಾಗಿಲು ತೆಗೆಯಲಿಕ್ಕೆ ಇಷ್ಟು ಜನ ಬೇಕಾಯ್ತಾ?”

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಹತ್ತು ದಿನ ಆಸ್ಪತ್ರೆ. ನಮ್ಮ ಹಳೆಯ ಕೆಲಸದವಳು ಬರುತ್ತಿದ್ದ ಕಾಲವಾಗಿದ್ದರೂ ಅತ್ತೆ ಬೀಳುತ್ತಿದ್ದರೋ ಏನೋ. ಬಿದ್ದಿದ್ದರೆ ಹನ್ನೆರಡು ಗಂಟೆಗೆ ಬಾಗಿಲು ತೆರೆಯುತ್ತಿತ್ತು, ನೋಡಿದ ಕೂಡಲೇ ಹೆಗಲು ಕೊಡುವ ಪರಿಚಯದ ಒಬ್ಬ ಹೆಂಗಸು ಇರುತ್ತಿದ್ದಳು. ಈ ಲೆಕ್ಕವನ್ನು ನನ್ನ ಗಂಡ ಬಾಯಿಬಿಟ್ಟು ಹೇಳಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನಿಂದ ಒಂದು ಮಾರು ದೂರ ಕೂತಿರುತ್ತಿದ್ದರು.

ಅತ್ತೆ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಕಳ್ಳರು ಸಿಕ್ಕರು. ಇಬ್ಬರು ಗಂಡಸರು, ಯಾವುದೋ ದೂರದ ಉಪನಗರದಲ್ಲಿ ಇನ್ನೊಂದು ಮನೆಗೆ ನುಗ್ಗುವಾಗ ಹಿಡಿದರಂತೆ. ಹಗಲು ಬಿಲ್ಡಿಂಗುಗಳಿಗೆ ಹೋಗಿ, ಚಾವಿ ತಿರುಗಿಸದೆ ಬರೀ ಎಳೆದು ಹೋದ ಬಾಗಿಲುಗಳನ್ನು ಹುಡುಕುವುದು ಅವರ ಕಸುಬು. ಪ್ಲಾಸ್ಟಿಕ್ಕಿನ ಒಂದು ಚೂರು ಸಾಕಂತೆ. ನಾಲ್ಕನೆಯ ಮಹಡಿಯವರಿಗೆ ಬಳೆಗಳು ಸಿಕ್ಕವು, ಸರ ಸಿಗಲಿಲ್ಲ. ಆ ಹೆಂಗಸು ಮನೆಮನೆಗೂ ಪೇಡೆ ಹಂಚಿದಳು. ಅವತ್ತು ಮದುವೆಗೆ ಹೋಗುವ ಗಡಿಬಿಡಿಯಲ್ಲಿ ಚಾವಿ ತಿರುಗಿಸುವುದೇ ಮರೆತುಹೋಗಿತ್ತು ಎಂದು ನಗುತ್ತ ಹೇಳಿದಳು. ಬೆಂಚಿನ ಮೇಲೆ ಕೂತು ಬಂದ ಹೆಂಗಸರ ಹೆಸರು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೇಡೆ ತೆಗೆದುಕೊಂಡೆ. ಅವಳ ಎದುರಿಗೇ ತಿಂದೆ.

ಮನೆಗೆ ಬಂದ ಮೇಲೆ ಅತ್ತೆ ಹಾಸಿಗೆ ಹಿಡಿದರು. ದಿನವಿಡೀ ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬ ಆಯಾ ಬಂದಳು. ಆಯಾಳ ಕೈಯಿಂದ ಅತ್ತೆ ಎರಡು ತುತ್ತಿಗಿಂತ ಹೆಚ್ಚು ತಿನ್ನುತ್ತಿರಲಿಲ್ಲ. ನಮ್ಮವಳು ಎಲ್ಲಿ, ಒಮ್ಮೆ ಬರಲಿಕ್ಕೆ ಹೇಳು ಎನ್ನುತ್ತಿದ್ದರು. ಒಂದು ಭಾನುವಾರ ನಾನು ಕುರ್ಲಾಕ್ಕೆ ಹೋದೆ. ಹನ್ನೊಂದು ವರ್ಷದಲ್ಲಿ ಅವಳ ಮನೆ ನೋಡಿದವಳಲ್ಲ. ಎದುರು ಮನೆಯ ಕೆಲಸದವಳಿಂದ ಗುರುತು ಕೇಳಿಕೊಂಡು ಚಾಳು ಹುಡುಕಬೇಕಾಯಿತು. ಅವಳು ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದಳು. ಒಳಗೆ ಕರೆದು ಚಾಪೆ ಹಾಸಿ ಕೂರಿಸಿ, ಚಹಾ ಮಾಡಿ ಕೊಟ್ಟಳು. ಅತ್ತೆ ಬಿದ್ದ ಸುದ್ದಿ ಅವಳಿಗೆ ಆಗಲೇ ತಿಳಿದಿತ್ತು.

ನಾನು ಬಂದ ಕೆಲಸ ಹೇಳಿದೆ. ಕಳ್ಳರು ಸಿಕ್ಕರು, ಈಗ ಯಾರಿಗೂ ಸಂಶಯವಿಲ್ಲ, ನೀನು ಮೊದಲಿನ ಹಾಗೆ ಬಾ, ಚಾವಿ ಕೊಡುತ್ತೇನೆ ಎಂದೆ. ಪೊಲೀಸರು ಹಾಗೆ ಕರೆಸಿದ್ದು ತಪ್ಪು ಎಂದೂ ಸೇರಿಸಿದೆ. 

“ಪೊಲೀಸ್ರ ಮ್ಯಾಲೆ ನಂಗ ಸಿಟ್ಟಿಲ್ರಿ ಅಕ್ಕಾರ. ನಾ ಯಾರಂತ ಅವ್ರಿಗೇನ್ ಗೊತ್ತು. ನಾನ ನಿಮ್ಮ ನಂಬರ್ ಕೊಟ್ಟಿದ್ನಿ, ನಮ್ಮ ಅಕ್ಕಾರನ್ನ ಕೇಳ್ರಿ, ಅವ್ರು ಹೇಳ್ತಾರ ಅಂದಿದ್ನಿ. ಸಾಹೇಬ್ರು ಫೋನ್ ಸ್ಪೀಕರಿನ್ಯಾಗ ಹಾಕಿದ್ರು. ಎಲ್ಲಾರೂ ಕೇಳಿದ್ವಿ.”

ನನ್ನ ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆಫೀಸಿನಲ್ಲಿ ನಾಲ್ಕು ಜನರ ನಡುವೆ ಹೆದರಿ ಹಾಗೆ ಹೇಳಿದೆ ಎಂದು ಏನೋ ತೊದಲಿದೆ. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ಅವಳು ಬಂದೇ ಬರುತ್ತಾಳೆ ಎಂಬ ಲೆಕ್ಕಾಚಾರವೂ ಅದರ ಜೊತೆಗೇ ಬಂತು. ಆ ಎರಡನ್ನು ಬೇರೆ ಮಾಡಲಾಗದೆ ನಾನು ಏನನ್ನೂ ಹೇಳಲಿಲ್ಲ. ಅವಳು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಅಮ್ಮಾರನ್ನ ನೋಡಾಕ ಬರ್ತೀನ್ರಿ. ಕೆಲಸಕ್ಕ ಬರಂಗಿಲ್ಲ.”

ಹೇಳಿದಂತೆ ಬಂದಳು, ನಾನು ಆಫೀಸಿನಲ್ಲಿದ್ದ ಹೊತ್ತು ನೋಡಿಕೊಂಡು. ವಾರಕ್ಕೆ ಒಂದು ಸಲ, ಕೆಲವು ವಾರ ಎರಡು ಸಲ. ಆಯಾ ಬಾಗಿಲು ತೆಗೆಯುತ್ತಿದ್ದಳು. ಅವಳು ಬಂದ ದಿನ ಅತ್ತೆ ಹೊಟ್ಟೆತುಂಬ ಉಂಡಿರುತ್ತಿದ್ದರು, ತಲೆ ಬಾಚಿರುತ್ತಿತ್ತು; ಅದರಿಂದಲೇ ನನಗೆ ಗೊತ್ತಾಗುತ್ತಿತ್ತು. ಏನು ಮಾತಾಡಿದಿರಿ ಎಂದು ಕೇಳಿದರೆ ಅತ್ತೆ, ಎಂತದೂ ಇಲ್ಲ, ನಮ್ಮ ಮಾತು ಎನ್ನುತ್ತಿದ್ದರು. ದೀಪಾವಳಿಗೆ ಮೊದಲು ಅತ್ತೆ ತೀರಿಕೊಂಡರು. ಹೆಣ ಇಳಿಸುವಾಗ ಅವಳು ಬಿಲ್ಡಿಂಗಿನ ಗೇಟಿನ ಹೊರಗೆ ನಿಂತಿದ್ದಳು. ಗಂಡ ಹೋಗಿ ಮೇಲೆ ಬಾ ಎಂದು ಕರೆದರು. ಬರಲಿಲ್ಲ. ಹನ್ನೆರಡನೆಯ ದಿನದ ಊಟಕ್ಕೂ ಬರಲಿಲ್ಲ.

ಇದೆಲ್ಲ ಆಗಿ ಎರಡು ವರ್ಷ. ಬಾಗಿಲಿಗೆ ಹೊಸ ಹಲಗೆ ಬಂದಿದೆ. ಗಂಡನೂ ನಾನೂ ಒಂದೇ ಮನೆಯಲ್ಲಿದ್ದೇವೆ, ಬೇಕಾದಷ್ಟು ಮಾತಾಡುತ್ತೇವೆ, ಅಮ್ಮನ ವಿಷಯ ಒಂದನ್ನು ಬಿಟ್ಟು. ಸಯನ್ ಸ್ಟೇಷನ್ನಿನಲ್ಲಿ ಎರಡು ಮೂರು ಸಲ ಅವಳು ಎದುರಾಗಿದ್ದಾಳೆ. ಆರಾಮಾರಿ ಅಕ್ಕಾರ ಎಂದು ಕೇಳುತ್ತಾಳೆ, ನಾನು ಹ್ಞೂಂ ಎನ್ನುವಷ್ಟರಲ್ಲಿ ಜನರ ನಡುವೆ ದಾಟಿ ಹೋಗಿರುತ್ತಾಳೆ. ನನ್ನ ಮೇಲೆ ಒಂದು ಕೆಟ್ಟ ಮಾತನ್ನೂ ಅವಳು ಎಲ್ಲೂ ಆಡಿಲ್ಲವೆಂದು ಕೇಳಿದ್ದೇನೆ. ಆಡಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಈಗ ಪಾತ್ರೆ ತೊಳೆಯಲು ಬೇರೊಬ್ಬಳು ಬರುತ್ತಾಳೆ. ನಾನು ಇರುವಾಗ ಬರುತ್ತಾಳೆ, ನಾನು ಹೊರಡುವ ಮೊದಲು ಹೋಗುತ್ತಾಳೆ. ಒಳ್ಳೆಯ ಕೆಲಸ. ಅವಳು ಯಾವ ಊರಿನವಳು, ಮಕ್ಕಳು ಎಷ್ಟು, ನನಗೆ ಗೊತ್ತಿಲ್ಲ. ಕೇಳಿಲ್ಲ.